ಪದಕ್ಕಿಷ್ಟು ಅಂತ ಕನ್ನಡ ಮಾರಬೇಡಿ

ಮನೆಯಿಂದಲೇ ಜಾಹೀರಾತು ಬರೆಯೋ ಕೆಲಸ ಶುರು ಮಾಡ್ತೀನಿ ಅನ್ನೋ ಗೆಳೆಯರು ನನ್ನನ್ನು ಮೊದಲು ಕೇಳೋದು, 'ಪದಕ್ಕೆ ಎಷ್ಟು ಕೇಳ್ಬೇಕು?' ಪದದ ಲೆಕ್ಕವೇ ಬೇಡ ಸ್ವಾಮಿ!

ಹಗಲು ಕೋಡ್ ಬರೆದು, ರಾತ್ರಿ ಈ ಕೆಲಸ ಮಾಡಿ (ಆಫೀಸಿನ ಅನುಮತಿ ಪಡೆದೇ) ಕೈ ಸುಟ್ಟುಕೊಂಡವನು ನಾನು. 'ಈವನ್ ಇಫ್ ಯು ಡು ನಾಟ್ ಕಮ್' ಇಂಗ್ಲಿಷಿನಲ್ಲಿ ಆರು ಪದ. ಕನ್ನಡದಲ್ಲಿ 'ನೀವು ಬರದಿದ್ದರೂ', ಎರಡೇ. ಇಷ್ಟನ್ನೂ ಒಂದು ಪದದೊಳಗೆ ಕಟ್ಟುವುದು ನಮ್ಮ ಭಾಷೆಯ ಜಾಣ್ಮೆ. ಏಜೆನ್ಸಿಯವರ ಲೆಕ್ಕದಲ್ಲಿ ಅದೇ ನಮಗೆ ದಂಡ. ಇಪ್ಪತ್ತು ಪದದ ಸಾಲನ್ನು ಮೂರಕ್ಕೆ ಇಳಿಸಲು ಒಂದು ರಾತ್ರಿ ನಿದ್ದೆಗೆಟ್ಟೆ. ಮೂರು ಪದಕ್ಕೇ ದುಡ್ಡು ಬಂತು. ಕೋಡಿನ ಸಾಲು ಎಣಿಸಿ ಸಂಬಳ ಕೊಟ್ಟರೆ ನಮ್ಮ ಟೀಮ್ ಸುಮ್ಮನಿರುತ್ತಾ?

ಇನ್ನು 'ಸ್ಯಾಂಪಲ್' ಹೆಸರಿನ ದರೋಡೆ. ನಮ್ಮೂರ ಸಂತೆಯಲ್ಲಿ ಮೆಣಸಿನಕಾಯಿ ಮುರಿದು ನೋಡ್ತಾರೆ, ಚೀಲವನ್ನೇ ಹೊತ್ಕೊಂಡು ಹೋಗಲ್ಲ. ನಾನು ಪುಕ್ಕಟೆ ಕಳಿಸಿದ ಸಾಲು ಮೂರು ವಾರಕ್ಕೆ ಬಸ್ಸಿನ ಹಿಂಭಾಗದಲ್ಲಿತ್ತು. ಹಳೇ ಕೆಲಸ ತೋರಿಸಿ. ಇಲ್ಲದಿದ್ದರೆ ನೀವೇ ಕಲ್ಪಿಸಿಕೊಂಡ ಸರಕಿಗೆ ಬರೆದಿಟ್ಟುಕೊಳ್ಳಿ.

ಉದ್ಯಮ್ ನೋಂದಣಿಗೆ ಕಾಸು ಬೇಡ, ಮೊದಲು ಮಾಡಿಸಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೋಂದಾಯಿತರ ಬಿಲ್ಲನ್ನು 45 ದಿನ ಮೀರಿ ಬಾಕಿ ಇಡುವಂತಿಲ್ಲ. ಇಟ್ಟರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಈ ಸಾಲು ಸೇರಿಸಿದ ಮೇಲೆ 'ಮುಂದಿನ ವಾರ ಹಾಕ್ತೀವಿ ಸರ್' ಅನ್ನೋದು ನಿಂತಿದೆ. 'ಕನ್ನಡಕ್ಕೆ ಅಷ್ಟೆಲ್ಲಾ ಬಜೆಟ್ ಇಲ್ಲ ಸರ್' ಅನ್ನೋದು ಮಾತ್ರ ಇನ್ನೂ ನಿಂತಿಲ್ಲ.