ಹಬ್ಬದ ತಟ್ಟೆಯ ಮುಂದೆ ರೋಗಿ ಒಂಟಿಯಾಗದಿರಲಿ

ಇಫ್ತಾರ್‌ಗೆ ಇನ್ನೂ ಒಂದು ಗಂಟೆಯಿದೆ. ಅಸರ್ ನಮಾಝ್ ಮುಗಿಸಿ ಚಾಪೆಯ ಮೇಲೆಯೇ ಕುಳಿತ ಮನೆಯ ಹಿರಿಯ ತಾಯಿಯ ಹಣೆ ಬೆವರುತ್ತಿದೆ, ಕೈ ನಡುಗುತ್ತಿದೆ, ಮಾತು ತೊದಲುತ್ತಿದೆ. ಅನೇಕ ವರ್ಷಗಳಿಂದ ಅವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆರಡು ಬಾರಿ ಇನ್ಸುಲಿನ್. ಈ ಬಾರಿ ಉಪವಾಸ ಬೇಡವೆಂದು ವೈದ್ಯರು ಹೇಳಿದ್ದನ್ನು ಅವರು ಮನೆಯಲ್ಲಿ ಯಾರಿಗೂ ತಿಳಿಸಿಲ್ಲ. ಗಾಬರಿಯಿಂದ ಸೊಸೆ ಸಕ್ಕರೆ ನೀರು ತಂದರೆ ತಲೆಯಾಡಿಸಿ ನಿರಾಕರಿಸುತ್ತಾರೆ. ಇಷ್ಟು ಹೊತ್ತು ತಾಳಿಕೊಂಡದ್ದನ್ನು ಬಾಂಗ್‌ಗೆ ಒಂದು ಗಂಟೆ ಇರುವಾಗ ಕೈಬಿಡುವುದೇ? ಮೊಮ್ಮಕ್ಕಳೂ ಉಪವಾಸ ಆಚರಿಸುತ್ತಿರುವ ಮನೆಯಲ್ಲಿ ಅಜ್ಜಿಯೊಬ್ಬರೇ ನೀರು ಕುಡಿಯುವುದೇ?

ಈ ದೃಶ್ಯಕ್ಕೆ ಊರು, ಹೆಸರು ಬೇಕಿಲ್ಲ. ಮಂಗಳೂರಿನ ಮನೆಯಲ್ಲೂ, ದಾವಣಗೆರೆಯ ಮನೆಯಲ್ಲೂ, ಕಲಬುರಗಿಯ ಮನೆಯಲ್ಲೂ ಇದನ್ನು ಕಲ್ಪಿಸಿಕೊಳ್ಳುವುದು ನಮ್ಮ ಓದುಗರಿಗೆ ಕಷ್ಟವಾಗದು. ಒಂದು ತಿಂಗಳು ಕಳೆದು ಈದ್ ಬಂದಾಗ ದೃಶ್ಯ ಬದಲಾಗುತ್ತದೆ, ಸಂಕಟ ಬದಲಾಗುವುದಿಲ್ಲ. ಈದ್ ನಮಾಝ್ ಮುಗಿಸಿದ ಮಧುಮೇಹಿ ಹತ್ತು ಮನೆಗಳಿಗೆ ಭೇಟಿ ನೀಡಬೇಕು. ಹತ್ತೂ ಮನೆಗಳಲ್ಲಿ ಶೀರ್ ಖುರ್ಮಾದ ಬಟ್ಟಲು, ಪಾಯಸ, ಹಲ್ವ, ಮೇಲೆ ಬಿರಿಯಾನಿ. ಬೇಡವೆಂದರೆ ಆತಿಥೇಯರ ಮುಖ ಬಾಡುತ್ತದೆ. ‘ಹಬ್ಬದ ದಿನ ಶುಗರ್ ಏನೂ ಆಗುವುದಿಲ್ಲ, ಒಂದು ಮಾತ್ರೆ ಹೆಚ್ಚು ತೆಗೆದುಕೊಳ್ಳಿ’ ಎಂಬ ಉಚಿತ ವೈದ್ಯಕೀಯ ಸಲಹೆಯೂ ದೊರೆಯುತ್ತದೆ. ಆತ ಹತ್ತು ಮನೆಗಳಲ್ಲಿ ಹತ್ತು ಬಾರಿ ತನ್ನ ರೋಗವನ್ನು ವಿವರಿಸಬೇಕು, ಇಲ್ಲವಾದರೆ ತಿನ್ನಬೇಕು. ಅನೇಕರು ತಿನ್ನುತ್ತಾರೆ. ಕೆಲವರು ಯಾರ ಮನೆಗೂ ಹೋಗದೆ ಉಳಿದುಬಿಡುತ್ತಾರೆ. ಎಲ್ಲರನ್ನೂ ಕೂಡಿಸಬೇಕಾದ ಹಬ್ಬ ಅವರನ್ನು ಒಂಟಿಯಾಗಿಸುತ್ತದೆ.

ಇದು ಬೆರಳೆಣಿಕೆಯ ಜನರ ಸಮಸ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಮಧುಮೇಹವಿದೆ. 13 ಕೋಟಿಗೂ ಅಧಿಕ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ರಕ್ತದೊತ್ತಡದವರ ಸಂಖ್ಯೆ 30 ಕೋಟಿಯನ್ನು ಮೀರುತ್ತದೆ. ಉಪ್ಪು, ನೀರು, ಹಣ್ಣುಗಳಿಗೂ ಮಿತಿ ಇರುವ ಮೂತ್ರಪಿಂಡದ ರೋಗಿಗಳು ಬೇರೆ. ಪೊಟ್ಯಾಶಿಯಂ ಅಧಿಕವಿರುವ ಖರ್ಜೂರವೂ ಇವರಲ್ಲಿ ಹಲವರಿಗೆ ಎಚ್ಚರಿಕೆಯ ವಸ್ತು. ಪಥ್ಯದಲ್ಲಿರುವ ಒಬ್ಬರಾದರೂ ಇಲ್ಲದ ಕುಟುಂಬ ನಮ್ಮ ಪಟ್ಟಣಗಳಲ್ಲಿ ಇಂದು ವಿರಳ. ಹೀಗಿದ್ದೂ ನಮ್ಮ ರಮಝಾನ್ ಮತ್ತು ಈದ್‌ಗಳು ಮನೆಯಲ್ಲಿ ರೋಗಿಯೇ ಇಲ್ಲವೆಂಬಂತೆ ನಡೆಯುತ್ತಿವೆ.

ರೋಗಿಯನ್ನು ಬಳಲಿಸುವುದು ಪಥ್ಯಕ್ಕಿಂತ ಹೆಚ್ಚಾಗಿ ನಾಚಿಕೆ ಎಂದು ನಮಗನಿಸುತ್ತದೆ. ಉಪವಾಸ ಬಿಟ್ಟರೆ ಈಮಾನ್ ದುರ್ಬಲವೆಂದು ಭಾವಿಸಿಯಾರು ಎಂಬ ನಾಚಿಕೆ. ಸಿಹಿ ನಿರಾಕರಿಸಿದರೆ ಅಹಂಕಾರವೆಂದು ತಿಳಿದಾರು ಎಂಬ ನಾಚಿಕೆ. ಈ ನಾಚಿಕೆಯನ್ನು ಅಲ್ಲಾಹನು ರೋಗಿಯ ಮೇಲೆ ಹೊರಿಸಿಲ್ಲ. ಹೊರಿಸಿದವರು ನಾವು.

ಉಪವಾಸವನ್ನು ಕಡ್ಡಾಯಗೊಳಿಸಿದ ಪವಿತ್ರ ಕುರ್‌ಆನಿನ ಅಲ್ ಬಕರಃ ಅಧ್ಯಾಯದ 184 ಮತ್ತು 185ನೇ ಸೂಕ್ತಗಳನ್ನು ಗಮನವಿಟ್ಟು ಓದಬೇಕು. ರೋಗಿಗೂ ಪ್ರಯಾಣಿಕನಿಗೂ ಇರುವ ರಿಯಾಯಿತಿ ಅದೇ ಸೂಕ್ತಗಳಲ್ಲಿದೆ. ಅದು ವಿದ್ವಾಂಸರು ಅನಂತರ ಕಂಡುಕೊಂಡ ಅಡ್ಡದಾರಿಯಲ್ಲ. ತನ್ನ ದಾಸರಿಗೆ ಅಲ್ಲಾಹನು ಬಯಸುವುದು ಸುಗಮತೆಯನ್ನೇ ಹೊರತು ಕಷ್ಟವನ್ನಲ್ಲ ಎಂಬ ಘೋಷಣೆಯೂ ಅಲ್ಲಿಯೇ ಇದೆ. ಗುಣಮುಖರಾಗುವವರು ಅನಂತರದ ದಿನಗಳಲ್ಲಿ ಉಪವಾಸವನ್ನು ಪೂರ್ತಿಗೊಳಿಸಬೇಕು. ಗುಣವಾಗುವ ನಿರೀಕ್ಷೆಯಿಲ್ಲದ ರೋಗವಿದ್ದವರು ಪ್ರತಿ ಉಪವಾಸಕ್ಕೆ ಬದಲಾಗಿ ಓರ್ವ ಬಡವನಿಗೆ ಉಣಿಸಬೇಕು. ಹೀಗೆ ರೋಗಿಯೂ ರಮಝಾನಿನ ಒಳಗೇ ಇದ್ದಾನೆ. ಆತನ ಪಾಲಿನ ಇಬಾದತ್‌ನ ರೂಪ ಮಾತ್ರ ಬೇರೆ. ಉಪವಾಸ ಆಚರಿಸುವುದು ಆಜ್ಞಾಪಾಲನೆಯಾದರೆ, ರೋಗಿಯು ಅದನ್ನು ಬಿಡುವುದೂ ಆಜ್ಞಾಪಾಲನೆಯೇ.

ಈ ಸಂದರ್ಭದಲ್ಲಿ ಅಬೂದಾವೂದ್ ಗ್ರಂಥದಲ್ಲಿ ವರದಿಯಾಗಿರುವ ಒಂದು ಘಟನೆಯನ್ನು ನೆನಪಿಸಬೇಕಾಗಿದೆ. ಪ್ರಯಾಣದಲ್ಲಿದ್ದ ಓರ್ವ ವ್ಯಕ್ತಿಗೆ ಕಲ್ಲೇಟಿನಿಂದ ತಲೆಗೆ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾಯಿತು. ನೀರಿನ ಬದಲು ತಯಮ್ಮುಮ್ ಮಾಡಲು ತನಗೆ ಅವಕಾಶವಿದೆಯೇ ಎಂದು ಸಂಗಡಿಗರನ್ನು ಕೇಳಿದರು. ನೀರು ಇರುವಾಗ ಅವಕಾಶವಿಲ್ಲವೆಂದು ಅವರು ಹೇಳಿದರು. ಗಾಯಾಳು ಸ್ನಾನ ಮಾಡಿದರು, ಮೃತಪಟ್ಟರು. ಸುದ್ದಿ ತಿಳಿದ ಪ್ರವಾದಿವರ್ಯರು(ಸ) ಆ ಸಂಗಡಿಗರನ್ನು ಅತ್ಯಂತ ಕಟುವಾಗಿ ಖಂಡಿಸಿದರು. ಆ ಸಾವಿಗೆ ಅವರನ್ನೇ ಹೊಣೆಯಾಗಿಸಿದರು. ತಿಳಿಯದಿದ್ದರೆ ಕೇಳಬಾರದಿತ್ತೇ, ಅಜ್ಞಾನಕ್ಕೆ ಮದ್ದು ಕೇಳಿ ತಿಳಿಯುವುದಲ್ಲವೇ ಎಂಬುದು ಅವರ ಆಕ್ಷೇಪವಾಗಿತ್ತು.

ಆ ಸಂಗಡಿಗರ ಉದ್ದೇಶ ಕೆಟ್ಟದಾಗಿರಲಿಲ್ಲ. ಧರ್ಮದ ಆಜ್ಞೆಯನ್ನು ಪೂರ್ಣವಾಗಿ ಪಾಲಿಸಬೇಕೆಂಬ ಕಾಳಜಿಯೇ ಅವರಿಗೂ ಇತ್ತು. ‘ಕಳೆದ ವರ್ಷ ಆಚರಿಸಿದ್ದೀರಿ, ಈ ವರ್ಷ ಏನಾಗಿದೆ?’ ‘ನನಗೂ ಶುಗರ್ ಇದೆ, ನಾನು ಒಂದೂ ಬಿಟ್ಟಿಲ್ಲ’ ಎಂದು ರೋಗಿಗೆ ಹೇಳುವ ನಮ್ಮ ಬಂಧುಗಳ ಉದ್ದೇಶವೂ ಒಳ್ಳೆಯದೇ ಇರಬಹುದು. ಆದರೆ ಒಬ್ಬರ ಶುಗರ್ ಇನ್ನೊಬ್ಬರದರಂತಲ್ಲ. ಪಥ್ಯ ಮತ್ತು ಲಘು ಮಾತ್ರೆಯಿಂದಲೇ ಹತೋಟಿಯಲ್ಲಿರುವವರು ವೈದ್ಯರ ಸಲಹೆಯಂತೆ ಸಾಮಾನ್ಯವಾಗಿ ಸುರಕ್ಷಿತವಾಗಿ ಉಪವಾಸ ಆಚರಿಸಬಲ್ಲರು. ದಿನಕ್ಕೆ ಹಲವು ಬಾರಿ ಇನ್ಸುಲಿನ್ ಬೇಕಾದವರು, ಇತ್ತೀಚೆಗೆ ಸಕ್ಕರೆಯ ಪ್ರಮಾಣ ಅಪಾಯಕಾರಿಯಾಗಿ ಕುಸಿದವರು, ಮೂತ್ರಪಿಂಡ ಅಥವಾ ಹೃದಯದ ತೊಂದರೆಯೂ ಇರುವವರ ಸ್ಥಿತಿ ಬೇರೆ. 13 ದೇಶಗಳ 12 ಸಾವಿರಕ್ಕೂ ಅಧಿಕ ಮಧುಮೇಹಿ ಮುಸ್ಲಿಮರ ಕುರಿತು 2001ರಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ವಯಸ್ಕರಲ್ಲಿ ಸಾಮಾನ್ಯವಾದ ಎರಡನೇ ಬಗೆಯ ಮಧುಮೇಹವಿದ್ದವರಲ್ಲಿ ಸುಮಾರು ನೂರಕ್ಕೆ 79 ಮಂದಿ ಕನಿಷ್ಠ 15 ದಿನ ಉಪವಾಸ ಆಚರಿಸಿದ್ದರು. ಇತರ ತಿಂಗಳುಗಳಿಗೆ ಹೋಲಿಸಿದರೆ ರಮಝಾನಿನಲ್ಲಿ ಅವರ ಸಕ್ಕರೆ ತೀವ್ರವಾಗಿ ಕುಸಿದ ಪ್ರಕರಣಗಳು ಏಳು ಪಟ್ಟಿಗಿಂತಲೂ ಹೆಚ್ಚಾಗಿದ್ದವು. ನಿರ್ಧಾರ ವೈದ್ಯರದ್ದೂ ರೋಗಿಯದ್ದೂ ಆಗಬೇಕೇ ಹೊರತು ನೆರೆಮನೆಯವರದ್ದಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೇ?

ಮಧುಮೇಹ ಮತ್ತು ರಮಝಾನ್ ಕುರಿತು ವೈದ್ಯರ ಅಂತಾರಾಷ್ಟ್ರೀಯ ಸಂಘಟನೆಗಳು 2016ರಲ್ಲಿ ಹೊರತಂದು 2021ರಲ್ಲಿ ಪರಿಷ್ಕರಿಸಿದ ಮಾರ್ಗದರ್ಶಿ ಸೂತ್ರಗಳಿವೆ. ರಮಝಾನ್ ಆರಂಭಕ್ಕೆ ಆರರಿಂದ ಎಂಟು ವಾರ ಮುಂಚೆಯೇ ವೈದ್ಯರನ್ನು ಕಂಡು ಔಷಧದ ಪ್ರಮಾಣ ಮತ್ತು ಸಮಯವನ್ನು ಹೊಂದಿಸಿಕೊಳ್ಳಬೇಕು, ಹಗಲಿನಲ್ಲಿ ಆಗಾಗ ರಕ್ತ ಪರೀಕ್ಷಿಸಿಕೊಳ್ಳಬೇಕು, ಸಕ್ಕರೆಯ ಪ್ರಮಾಣ 70ಕ್ಕಿಂತ ಕೆಳಗಿಳಿದರೆ ಅಥವಾ 300ನ್ನು ಮೀರಿದರೆ ಉಪವಾಸವನ್ನು ತಕ್ಷಣ ಕೈಬಿಡಬೇಕು ಎಂಬುದು ಅವುಗಳ ಸಾರ. ಮಗ್ರಿಬ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಈ ನಿಯಮ ಬದಲಾಗದು. ಬೆರಳ ತುದಿಯ ಒಂದು ಹನಿ ರಕ್ತ ಪರೀಕ್ಷಿಸುವುದರಿಂದ ಉಪವಾಸ ಭಂಗವಾಗದೆಂಬುದು ವಿದ್ವಾಂಸರ ವ್ಯಾಪಕ ಅಭಿಪ್ರಾಯ. ಪೋಷಕಾಂಶ ನೀಡದ ಚುಚ್ಚುಮದ್ದಿನಿಂದಲೂ ಭಂಗವಾಗದೆಂದು 1997ರಲ್ಲಿ ಜಿದ್ದಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ನಿರ್ಣಯಿಸಿದೆ. ಈ ಒಂದೆರಡು ವಾಕ್ಯಗಳನ್ನು ನಮ್ಮ ಎಷ್ಟು ಮಿಂಬರ್‌ಗಳಿಂದ ಜನರು ಕೇಳಿದ್ದಾರೆ?

ಇನ್ನು ಆತಿಥ್ಯದ ವಿಷಯ. ಅತಿಥಿ ಸತ್ಕಾರ ಈಮಾನಿನ ಭಾಗವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒತ್ತಾಯ ಸತ್ಕಾರದ ಭಾಗವೆಂದು ನಮಗೆ ಕಲಿಸಿದವರು ಯಾರು? ಪ್ರವಾದಿವರ್ಯರು(ಸ) ಎಂದೂ ಆಹಾರವನ್ನು ಹಳಿದವರಲ್ಲ. ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಟ್ಟುಬಿಡುತ್ತಿದ್ದರು ಎಂದು ಹದೀಸ್‌ಗಳಲ್ಲಿದೆ. ಅವರು ಬಿಟ್ಟಾಗ ಯಾರೂ ಅದನ್ನು ಅವಮಾನವೆಂದು ತಿಳಿಯಲಿಲ್ಲ. ತಟ್ಟೆಯಲ್ಲಿದ್ದುದನ್ನು ಬಿಡುವ ಸ್ವಾತಂತ್ರ್ಯ ಅತಿಥಿಗೆ ಇದೆಯೆಂದಾದರೆ, ರೋಗಿಯಾದ ಅತಿಥಿಗೆ ಅದು ಎಷ್ಟು ಹೆಚ್ಚಾಗಿ ಇರಬೇಡ! ಪಥ್ಯದಲ್ಲಿರುವವರೂ ಸಂಕೋಚ ಬಿಟ್ಟು ಮುಂಚಿತವಾಗಿ ಒಂದೇ ಮಾತಿನಲ್ಲಿ ತಿಳಿಸುವುದು ಒಳ್ಳೆಯದು: ‘ನಾವು ಬರುತ್ತೇವೆ, ಕುಳಿತು ಮಾತಾಡುತ್ತೇವೆ, ನನಗೆ ಸಿಹಿ ಬೇಡ.’ ಹೀಗೆ ತಿಳಿಸಿದವರ ಮುಂದೆ ಸಕ್ಕರೆ ಹಾಕದ ಚಹಾ, ಒಂದು ಹಿಡಿ ಬಾದಾಮಿ, ತುಂಡರಿಸಿದ ಸೌತೆಕಾಯಿ ಇಟ್ಟರೆ ಆತಿಥೇಯರ ಗೌರವ ಕುಂದದು. ಯಾರಿಗೆ ಯಾವುದು ಬೇಕು, ಎಷ್ಟು ಬೇಕು ಎಂದು ಒಮ್ಮೆ ಕೇಳುವುದು, ಬೇಡವೆಂದರೆ ಎರಡನೆಯ ಬಾರಿ ಒತ್ತಾಯಿಸದಿರುವುದು. ಇಷ್ಟು ಸಾಕು.

ಮನೆಯೊಳಗಿನ ವ್ಯವಸ್ಥೆಯೂ ಬದಲಾಗಬೇಕು. ಎಲ್ಲರಿಗೂ ಸಮೋಸ, ಪಕೋಡ, ಶರಬತ್ತು. ರೋಗಿಗೆ ಮಾತ್ರ ಮೂಲೆಯಲ್ಲೊಂದು ಸಪ್ಪೆ ಗಂಜಿಯ ಬಟ್ಟಲು. ಇದು ರೋಗಿಗೆ ನಿತ್ಯದ ಶಿಕ್ಷೆ. ಎರಡೆರಡು ಅಡುಗೆ ಮಾಡುವ ಹೆಣ್ಣಿಗೂ ಶಿಕ್ಷೆ. ಅದಕ್ಕಿಂತ ಎಲ್ಲರೂ ಸೇವಿಸಬಹುದಾದ ಆಹಾರವೇ ಇಫ್ತಾರ್‌ನ ಮುಖ್ಯ ಆಹಾರವಾಗಲಿ. ನೀರು, ಮಜ್ಜಿಗೆ, ಮಿತವಾದ ಹಣ್ಣು, ಬೇಯಿಸಿದ ಕಡಲೆ, ತರಕಾರಿಯ ಸೂಪು, ರೊಟ್ಟಿ ಮತ್ತು ಸಾರು ಇರಲಿ. ಕರಿದ ತಿಂಡಿ ವಾರಕ್ಕೊಮ್ಮೆ ಬರಲಿ. ಸಹರಿಯನ್ನು ತಡವಾಗಿಸುವುದು, ಇಫ್ತಾರನ್ನು ಬೇಗ ಮಾಡುವುದು ಸುನ್ನತ್. ಹಸಿವಿನ ಅವಧಿಯನ್ನು ಕಡಿಮೆ ಮಾಡುವ ಈ ಕ್ರಮವನ್ನೇ ವೈದ್ಯರೂ ಹೇಳುತ್ತಾರೆ. ರೋಗಿಗೆ ಹಿತವಾದದ್ದು ಉಳಿದವರಿಗೂ ಹಿತವೇ. ಹದಿಮೂರು ಗಂಟೆ ಹಸಿದು, ಅನಂತರದ ಮೂರು ಗಂಟೆಯಲ್ಲಿ ಎರಡು ದಿನದ ಆಹಾರ ಸೇವಿಸುವುದು ಉಪವಾಸದ ಉದ್ದೇಶವೇ?

ಈ ಎಲ್ಲದರಲ್ಲಿ ಹೆಚ್ಚು ಮರೆಗೆ ಸರಿದವಳು ಮನೆಯ ಯಜಮಾನಿ. ಸಹರಿಗೆ ಎಲ್ಲರಿಗಿಂತ ಮೊದಲು ಏಳುವವಳು, ತರಾವೀಹ್ ಮುಗಿದ ಮೇಲೂ ಪಾತ್ರೆ ತೊಳೆಯುವವಳು, ಈದ್‌ಗೆ ಮುಂಚಿನ ರಾತ್ರಿ ನಿದ್ದೆಯನ್ನೇ ಕಾಣದವಳು ಅವಳು. ನಿದ್ದೆಗೇಡು ಮತ್ತು ಮಾನಸಿಕ ಒತ್ತಡಗಳು ರಕ್ತದ ಸಕ್ಕರೆಯನ್ನೂ ಒತ್ತಡವನ್ನೂ ಏರಿಸುತ್ತವೆ ಎಂಬುದು ವೈದ್ಯಕೀಯವಾಗಿ ಸಿದ್ಧವಾದ ವಿಷಯ. ಅವಳೇ ರೋಗಿಯಾಗಿದ್ದರಂತೂ ತನ್ನ ಮಾತ್ರೆಯನ್ನು ನೆನಪಿಸಿಕೊಳ್ಳುವುದು ಕೊನೆಗೆ; ಉಳಿದದ್ದನ್ನು ವ್ಯರ್ಥ ಮಾಡಬಾರದೆಂದು ಪಥ್ಯವನ್ನು ಮುರಿಯುವವಳೂ ಅವಳೇ. ಮನೆಯ ಗಂಡಸರು ಅಡುಗೆ ಕೋಣೆಗೆ ಹೋದರೆ ಆಕಾಶ ಕಳಚಿ ಬೀಳದು. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ಪತ್ನಿಯರಿಗೆ ನೆರವಾಗುತ್ತಿದ್ದರೆಂದು ಹೆಮ್ಮೆಯಿಂದ ಭಾಷಣ ಮಾಡುವ ನಾವು, ಆ ಸುನ್ನತ್ತನ್ನು ರಮಝಾನಿನಲ್ಲಾದರೂ ಜೀವಂತಗೊಳಿಸಬಾರದೇ?

ಮಸೀದಿ ಆಡಳಿತ ಸಮಿತಿಗಳಿಗೆ ನಮ್ಮದೊಂದು ಮನವಿಯಿದೆ. ಶಅಬಾನ್ ತಿಂಗಳ ಒಂದು ಜುಮಾ ಖುತ್ಬಾವನ್ನು ರೋಗಿಗಳ ರಿಯಾಯಿತಿಗೆ ಮೀಸಲಿಡಿ. ಅದೇ ದಿನ ಮಸೀದಿಯ ಆವರಣದಲ್ಲಿ ಸಕ್ಕರೆ ಮತ್ತು ರಕ್ತದೊತ್ತಡದ ತಪಾಸಣೆ ನಡೆಯಲಿ. ಮಹಿಳೆಯರಿಗೆ ಪ್ರತ್ಯೇಕ ವ್ಯವಸ್ಥೆಯಿರಲಿ. ಬಡ ಕುಟುಂಬಗಳಿಗೆ ಹಂಚುವ ರಮಝಾನ್ ಕಿಟ್‌ನಲ್ಲಿ ಸಕ್ಕರೆ, ಮೈದಾ, ಎಣ್ಣೆ, ಶರಬತ್ತಿನ ಬಾಟಲಿಗಳ ಪ್ರಮಾಣ ತಗ್ಗಿಸಿ ಬೇಳೆ, ಕಾಳು, ರಾಗಿ, ಗೋಧಿ ಸೇರಿಸಿ. ಅದನ್ನು ಪಡೆಯುವ ಮನೆಯಲ್ಲೂ ಮಧುಮೇಹಿ ಇರುತ್ತಾನೆ.

ಕೊನೆಯದಾಗಿ, ಜನಪ್ರತಿನಿಧಿಗಳಿಗೂ ಒಂದು ಮಾತು. ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳಲ್ಲಿ ವೈದ್ಯಕೀಯ ಸೌಲಭ್ಯಗಳ ಕೊರತೆಯನ್ನು ಸಾಚಾರ್ ಸಮಿತಿಯು 2006ರಲ್ಲಿಯೇ ಎತ್ತಿ ತೋರಿಸಿತ್ತು. ಮಧುಮೇಹ, ಹೃದ್ರೋಗ, ಕ್ಯಾನ್ಸರ್‌ಗಳ ನಿಯಂತ್ರಣಕ್ಕಾಗಿ ಕೇಂದ್ರ ಸರಕಾರ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ್ದು 2010ರಲ್ಲಿ. ಇಫ್ತಾರ್ ಕೂಟಗಳಿಗೆ ಟೋಪಿ ಧರಿಸಿ ಬಂದು, ಕ್ಯಾಮರಾದ ಮುಂದೆ ಖರ್ಜೂರ ಬಾಯಿಗಿಡುವ ನಾಯಕರು ಪ್ರತಿ ಪಕ್ಷದಲ್ಲೂ ಇದ್ದಾರೆ. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಇನ್ಸುಲಿನ್ ವರ್ಷವಿಡೀ ಸಿಗುತ್ತದೆಯೇ, ಆರೋಗ್ಯ ಕೇಂದ್ರದಲ್ಲಿ ಸಕ್ಕರೆ ಪರೀಕ್ಷೆಯ ಪಟ್ಟಿಗಳು ಇವೆಯೇ ಎಂದು ಅದೇ ವೇದಿಕೆಯಲ್ಲಿ ಅವರನ್ನು ಕೇಳಿದವರು ಎಷ್ಟು ಮಂದಿ? ಕೂಟಕ್ಕೆ ಕರೆಯುವ ನಾವು ಬಿರಿಯಾನಿಯ ಜೊತೆಗೆ ಈ ಪ್ರಶ್ನೆಯನ್ನೂ ಬಡಿಸಬೇಕು.

ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಎಲ್ಲ ಋತುಗಳನ್ನೂ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಸಾಧ್ಯವಾಗದ್ದು ಡಿಸೆಂಬರಿನ ಕಿರಿದಾದ ಹಗಲಿನಲ್ಲಿ ಕೆಲವರಿಗೆ ಸಾಧ್ಯವಾದೀತು; ಕೆಲವರಿಗೆ ಎಂದಿಗೂ ಸಾಧ್ಯವಾಗದು. ಇಬ್ಬರಿಗೂ ಅಲ್ಲಾಹನ ಬಳಿ ಬಾಗಿಲು ತೆರೆದೇ ಇದೆ. ಅವನು ತೆರೆದಿಟ್ಟ ಬಾಗಿಲನ್ನು ಮುಚ್ಚುವ ಅಧಿಕಾರ ನಮಗಿಲ್ಲ. ಚಾಪೆಯ ಮೇಲೆ ಬೆವರುತ್ತಾ ಕುಳಿತ ಆ ತಾಯಿಗೆ ಸಕ್ಕರೆ ನೀರಿನ ಲೋಟವನ್ನು ತುಟಿಗೆ ಹಿಡಿಯುತ್ತಾ, ‘ಅಮ್ಮಾ, ಕುಡಿಯಿರಿ, ಇದೂ ಅಲ್ಲಾಹನ ಆಜ್ಞೆಯೇ’ ಎಂದು ಹೇಳುವ ಒಬ್ಬರು ಮನೆಯಲ್ಲಿರಬೇಕು. ಆ ಒಬ್ಬರು ನಾವಾಗೋಣ.