ಆಟದ ಬಸ್ಸಿನ ಹಣೆಬರಹ

ಮಕ್ಕಳು ಮೊಬೈಲಿನಲ್ಲಿ ಬಸ್ಸು ಓಡಿಸುತ್ತ ಹೊತ್ತು ಕಳೆಯುತ್ತಾರೆಂಬ ದೂರು ಪೋಷಕರ ಸಭೆಗಳಲ್ಲಿ ತಪ್ಪದೆ ಕೇಳಿಬರುತ್ತದೆ. ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅವರಲ್ಲಿ ಕೆಲವರು ಬಸ್ಸನ್ನು ಓಡಿಸುವುದಕ್ಕಿಂತ ಅದಕ್ಕೆ ಬಣ್ಣ ಬಳಿಯುವುದರಲ್ಲೇ ಹೆಚ್ಚು ಮಗ್ನರಾಗಿರುವುದನ್ನು ವಾಚಕರು ಗಮನಿಸಿರಬಹುದು. ಈ ತಿಂಗಳು ಆ ವಿದ್ಯೆಯ ಕುರಿತು ನಾಲ್ಕು ಮಾತು.

ಇಂಡೋನೇಷ್ಯಾದ ಮಾಲೆಯೊ ಸಂಸ್ಥೆ 2017ರಲ್ಲಿ ಹೊರತಂದ ‘ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ’ ಕೇರಳದ ತರುಣರ ಕೈಗೆ ಬಂದು ಕೇರಳದ್ದೇ ಆಟವೆಂಬಂತಾಯಿತು. ಬಸ್ಸಿನ ಹೊರಮೈಯ ಚಿತ್ರವನ್ನು ಆಡುವವನೇ ರಚಿಸಿ ತೊಡಿಸಲು ಅದರಲ್ಲಿ ಅವಕಾಶವಿರುವುದೇ ಇದಕ್ಕೆ ಮುಖ್ಯ ಕಾರಣ. 2022ರ ಅಕ್ಟೋಬರಿನಲ್ಲಿ ವಡಕ್ಕಂಚೇರಿಯ ಬಳಿ ಪ್ರವಾಸಿ ಬಸ್ಸೊಂದು ಸರ್ಕಾರಿ ಬಸ್ಸಿಗೆ ಬಡಿದು 9 ಮಂದಿ ಮಡಿದ ಬಳಿಕ, ಪ್ರವಾಸಿ ಬಸ್ಸುಗಳು ಬಿಳಿಯ ಬಣ್ಣದಲ್ಲೇ ಇರಬೇಕೆಂಬ ನಿಯಮವನ್ನು ಸರ್ಕಾರ ಬಿಗಿಗೊಳಿಸಿತು. ರಸ್ತೆಯಲ್ಲಿ ಅಳಿದ ಚಿತ್ತಾರಗಳು ಆಟದ ಬಸ್ಸುಗಳ ಮೇಲೆ ಉಳಿದುಕೊಂಡವು.

ಗಣಕದೊಳಗಿನ ಬಸ್ಸೆಂದರೆ ಸಾವಿರಾರು ತ್ರಿಕೋನಗಳನ್ನು ಹೆಣೆದ ಹಂದರ. ರಟ್ಟಿನ ಪೆಟ್ಟಿಗೆಯ ಅಂಚುಗಳನ್ನು ಕೊಯ್ದು ನೆಲದ ಮೇಲೆ ಹರಡಿದಂತೆ, ಆ ಹಂದರದ ಮೈಯನ್ನು ಬಿಡಿಸಿ ಒಂದು ಚೌಕದೊಳಗೆ ಚಪ್ಪಟೆಯಾಗಿ ಜೋಡಿಸಿರುತ್ತಾರೆ. ಆ ಚೌಕದ ಮೇಲೆ ಬರೆದ ಚಿತ್ರ ಬಸ್ಸಿನ ‘ಚರ್ಮ’ವಾಗುತ್ತದೆ; ಹುಡುಗರ ಬಾಯಲ್ಲಿ ‘ಸ್ಕಿನ್’. ಯಕ್ಷಗಾನದಲ್ಲಿ ಬಣ್ಣ ಬದಲಾದರೆ ವೇಷ ಬದಲಾಗುತ್ತದೆಯೇ ಹೊರತು ವೇಷಧಾರಿಯ ಎಲುಬು ಬದಲಾಗದಷ್ಟೆ, ಇಲ್ಲಿಯೂ ಹಾಗೆಯೇ. ಬಣ್ಣವನ್ನು ಹೊಲಿಗೆಯ ಗೆರೆಯಿಂದ ತುಸು ಆಚೆಗೂ ಹರಿಯಗೊಡಬೇಕು. ಇಲ್ಲವಾದರೆ ಕೂಡುವೆಡೆಯಲ್ಲಿ ಬಿರುಕಿನಂಥ ಗೆರೆ ತೋರುತ್ತದೆ. ಚೌಕದ ಬದಿ 2048 ಚುಕ್ಕೆಗಳಾದರೆ ಒಟ್ಟು 41,94,304 ಚುಕ್ಕೆ. ಬದಿಯನ್ನು ಇಮ್ಮಡಿಸಿದರೆ ಭಾರ ನಾಲ್ಮಡಿ. ದೊಡ್ಡ ಚಿತ್ರ ಹಾಕಿದಾಗ ಮೊಬೈಲು ಮುಗ್ಗರಿಸುವುದೇಕೆಂದು ಕೇಳುವ ಹುಡುಗನಿಗೆ ಕ್ಷೇತ್ರಫಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ತೊಡಕಿರುವುದು ಅಕ್ಷರಗಳಲ್ಲಿ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಓದುವ ಹುಡುಗರು ಮಾಡಿದ ಬಸ್ಸುಗಳ ಹಣೆಯಲ್ಲಿಯೂ ಮಲೆಯಾಳ, ಇಂಗ್ಲಿಷುಗಳನ್ನೇ ಕಂಡು ಕಾರಣ ಕೇಳಿದೆ. “ಕನ್ನಡ ಹಾಕಿದರೆ ಒಡೆದುಹೋಗುತ್ತದೆ ಮಾಷ್ಟ್ರೇ” ಎಂಬ ಉತ್ತರ ಬಂತು. ಮಾತು ನಿಜ. ಗಣಕವು ‘ಡ್ಕ’ ಎಂಬುದನ್ನು ಡ, ವಿರಾಮಚಿಹ್ನೆ, ಕ ಎಂದು ಬಿಡಿಬಿಡಿಯಾಗಿ ಇಟ್ಟುಕೊಂಡಿರುತ್ತದೆ. ಅವನ್ನು ಕೂಡಿಸಿ ಒತ್ತಕ್ಷರ ಮಾಡುವುದು ಬರೆಯುವ ತಂತ್ರಾಂಶದ ಹೊಣೆ. ಆ ಹೊಣೆಯರಿಯದ ತಂತ್ರಾಂಶದಲ್ಲಿ ಬದಿಯಡ್ಕವು ‘ಬದಿಯಡ್‌ಕ’ವಾಗುತ್ತದೆ, ಮುಳ್ಳೇರಿಯದ ಗತಿಯೂ ಅದೇ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ಈ ಕುಂದು ಕೆಲವೆಡೆ ಉಳಿದಿದೆ. ಒಡೆದ ಅಕ್ಷರಕ್ಕೆ ನಾಚಿ ಮಗು ತನ್ನ ಲಿಪಿಯನ್ನೇ ಕೈಬಿಡುವುದು ಮನಸ್ಸಿಗೆ ನೋವು ತರುವ ಸಂಗತಿ. ಗಡಿಯಾಚೆಗಿನ ನಮಗೆ ಊರಿನ ಹೆಸರು ಫಲಕದಲ್ಲಿ ಯಾವ ಲಿಪಿಯಲ್ಲಿದೆಯೆಂಬುದು ಸಣ್ಣ ವಿಷಯವೇ?

ಪರಿಹಾರ ಸುಲಭವೇ ಇದೆ. ಹಣ ತೆರದೆ ದೊರೆಯುವ ‘ಗಿಂಪ್’ ತಂತ್ರಾಂಶ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುತ್ತದೆ. ಅಲ್ಲಿ ಬರೆದು, ಚಿತ್ರವಾಗಿ ಉಳಿಸಿ, ಚೌಕದ ಮೇಲೆ ಅಂಟಿಸಿದರಾಯಿತು. ಕುಂಚ ಹಿಡಿಯಬಲ್ಲ ಹುಡುಗ ಕಾಗದದ ಮೇಲೆ ಬರೆದು ಅದರ ಛಾಯಾಚಿತ್ರ ತೆಗೆದರೂ ಸಲ್ಲುತ್ತದೆ. ನನ್ನ ಒಲವು ಇದರ ಕಡೆಗೆ. ಆಟಕ್ಕೆ ಕನ್ನಡ ಬಾರದು, ಬರಬೇಕಾಗಿಯೂ ಇಲ್ಲ. ಚಿತ್ರವಾಗಿ ಹೊಕ್ಕ ಅಕ್ಷರವನ್ನು ಅದು ಒಡೆಯಲಾರದು.

ಇನ್ನೊಂದು ಎಚ್ಚರ. ಕೆಲವು ಬಸ್ಸುಗಳ ಎಡ ಬಲ ಬದಿಗಳೆರಡಕ್ಕೂ ಒಂದೇ ಚಿತ್ರದ ತುಂಡನ್ನು ಮಗುಚಿ ಹಚ್ಚಿರುತ್ತಾರೆ. ಹೂಬಳ್ಳಿಗೆ ಅದು ಬಾಧಕವಲ್ಲ. ಅಕ್ಷರವಾದರೋ ಒಂದು ಬದಿಯಲ್ಲಿ ಕನ್ನಡಿಯಲ್ಲಿ ಕಂಡಂತೆ ತಲೆಕೆಳಗಾಗದೆ ಹಿಂದುಮುಂದಾಗುತ್ತದೆ. ಅಂಥಲ್ಲಿ ಹೆಸರನ್ನು ಹಣೆಯಲ್ಲಿ ಮಾತ್ರ ಬರೆಯುವುದು ಲೇಸು. ಪರರ ಚಿತ್ರದ ಮೂಲೆಯಲ್ಲಿರುವ ಹೆಸರನ್ನು ಅಳಿಸಿ ತನ್ನದನ್ನು ಬರೆಯುವುದು ಮಾತ್ರ ಶುದ್ಧ ಕಳವು.

ಹಣೆಯ ಫಲಕಕ್ಕೆ ಇಂಗ್ಲಿಷ್ ಅಕ್ಷರದ ಎತ್ತರವನ್ನೇ ಅಳತೆಯಾಗಿ ಹಿಡಿದರೆ ‘ಡ್ಕ’ದ ಒತ್ತು ಕೆಳಗಿನ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಆದುದರಿಂದ ಮೊದಲು ಕನ್ನಡವನ್ನು ಬರೆದು, ಒತ್ತಿಗೂ ಗುಡಿಸಿಗೂ ಎಡೆ ಬಿಟ್ಟು, ಆಮೇಲೆ ಫಲಕದ ಚೌಕಟ್ಟನ್ನು ಎಳೆಯತಕ್ಕದ್ದು.