ಹಳೆಯ ಜಾವಾಕ್ಕೆ ಹೊಸ ಕಿಡಿ

ಮೈಸೂರಿನ ವಾಚಕಿಯೊಬ್ಬರಿಂದ ಪತ್ರ ಬಂದಿದೆ. ಮಾವನವರು ಬಹುಕಾಲ ಸವಾರಿ ಮಾಡಿ, ಕೊನೆಗೆ ಹಿತ್ತಿಲ ಷೆಡ್ಡಿನಲ್ಲಿ ನಿಲ್ಲಿಸಿಹೋದ ಜಾವಾ ಮೋಟಾರ್ ಸೈಕಲ್ಲನ್ನು ಮಗರಾಯ ಬಿಚ್ಚಿ ಹರವಿಕೊಂಡು ಕುಳಿತಿದ್ದಾನಂತೆ. ಬಣ್ಣ ಬಳಿದದ್ದಾಯಿತು, ಚಕ್ರಗಳಿಗೆ ಕಡ್ಡಿ ಕಟ್ಟಿದ್ದಾಯಿತು. ಇನ್ನು ಹಳೆಯ ಪಾಯಿಂಟುಗಳನ್ನು ಕಿತ್ತುಹಾಕಿ ಎಲೆಕ್ಟ್ರಾನಿಕ್ ಇಗ್ನಿಷನ್ ಜೋಡಿಸಬೇಕೆಂಬುದು ಅವನ ಹಟ. ‘ನಮ್ಮಪ್ಪನ ಗಾಡಿಯಲ್ಲಿ ಒಂದು ಮೊಳೆಯೂ ಬದಲಾಗಕೂಡದು’ ಎಂಬುದು ಯಜಮಾನರ ಹಟ. ಊಟದ ಹೊತ್ತಿನಲ್ಲಿಯೂ ತಂದೆಮಕ್ಕಳಿಗೆ ಮಾತಿಲ್ಲವೆಂದು ತಾಯಿ ನೊಂದು ಬರೆದಿದ್ದಾರೆ. ಯಾರ ಪಕ್ಷ ಸರಿಯೆಂದು ಕೇಳಿದ್ದಾರೆ. ಸಂಸಾರದ ವ್ಯಾಜ್ಯಕ್ಕೆ ತೀರ್ಪು ಕೊಡುವ ಧೈರ್ಯ ನಮಗಿಲ್ಲ. ಆದರೆ ಯಂತ್ರದ ಪಾಡೇನೆಂದು ತಿಳಿದರೆ ಅರ್ಧ ಜಗಳ ತಾನಾಗಿಯೇ ಇಳಿದೀತು.

ಜೆಕ್ ದೇಶದ ಈ ವಾಹನ ೧೯೬೧ರಿಂದ ಮೈಸೂರಿನಲ್ಲಿಯೇ ತಯಾರಾಗತೊಡಗಿತು. ಮುಂದೆ ಯೆಜ್ಡಿ ಎಂಬ ಹೆಸರು ತಾಳಿತು. ೧೯೯೬ರಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಆ ಊರಿನ ಎಷ್ಟೋ ಮನೆಗಳಿಗೆ ಅದು ಬರಿಯ ವಾಹನವಲ್ಲ, ಅನ್ನ ಕೊಟ್ಟ ಕಸುಬು. ಆದಕಾರಣ ಯಜಮಾನರ ಮಮತೆಯನ್ನು ಮೊಂಡುತನವೆಂದು ತಳ್ಳಿಹಾಕಲಾಗದು.

ಈಗ ಕಿಡಿಯ ವಿಚಾರ. ಸಿಲಿಂಡರಿನೊಳಗೆ ಪಿಸ್ಟನ್ನು ಪೆಟ್ರೋಲಿನ ಆವಿಯನ್ನೂ ಗಾಳಿಯನ್ನೂ ಅದುಮುತ್ತ ಮೇಲೇರುತ್ತದೆ. ಅದು ತುದಿಯನ್ನು ಮುಟ್ಟಿದ ಮೇಲೆ ಕಿಡಿ ಹಾರಿದರೆ ತಡವಾಯಿತು. ಉರಿ ಹಬ್ಬುವುದಕ್ಕೂ ಒಂದಿಷ್ಟು ಸಮಯ ಬೇಕಷ್ಟೆ. ಆದ್ದರಿಂದ ೨೫೦ ಸಿ.ಸಿ.ಯ ಹಳೆಯ ಜಾವಾದಲ್ಲಿ ಪಿಸ್ಟನ್ನು ತುದಿಗಿಂತ ಸುಮಾರು ೩ ಮಿಲಿಮೀಟರು ಕೆಳಗಿರುವಾಗಲೇ ಕಿಡಿ ಹಾರುವಂತೆ ಹೊಂದಿಸಿರುತ್ತಾರೆ. ಬೇಗನೆ ಹಾರಿದರೆ ಎಂಜಿನ್ನು ಕಟಕಟನೆ ಬಡಿದುಕೊಂಡು ಕಾಯುತ್ತದೆ. ತಡವಾದರೆ ಬಲಗುಂದಿ ಏದುಸಿರು ಬಿಡುತ್ತದೆ.

ಹೊತ್ತು ನೋಡಿ ಕಿಡಿ ಹಾರಿಸುವ ಕೆಲಸ ಪಾಯಿಂಟುಗಳದು. ಎಂಜಿನ್ನಿನ ಬಲಮಗ್ಗುಲ ಮುಚ್ಚಳ ತೆಗೆದರೆ ಡೈನಮೋದ ಬಳಿಯಲ್ಲಿ ಅವನ್ನು ಕಾಣಬಹುದು. ಎರಡು ಪುಟ್ಟ ಲೋಹದ ಮೊಗ್ಗುಗಳು. ಕೂಡಿದಾಗ ಬ್ಯಾಟರಿಯ ವಿದ್ಯುತ್ತು ಕಾಯಿಲಿನಲ್ಲಿ ಹರಿಯುತ್ತದೆ, ಅಗಲಿದಾಗ ಥಟ್ಟನೆ ಕಡಿಯುತ್ತದೆ. ಕಡಿದ ಆ ಕ್ಷಣದಲ್ಲಿ ಕಾಯಿಲಿನ ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟುಗಳು ಹುಟ್ಟಿ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತವೆ. ಮೊಗ್ಗುಗಳ ನಡುವಿನ ಅಂತರ ೦.೪ ಮಿಲಿಮೀಟರು, ಅಂಚೆ ಕಾರ್ಡಿಗಿಂತ ತುಸು ದಪ್ಪ. ಟೂ-ಸ್ಟ್ರೋಕ್ ಎಂಜಿನ್ನಾದುದರಿಂದ ಸುತ್ತಿಗೊಂದು ಕಿಡಿ. ನಿಮಿಷಕ್ಕೆ ೩,೦೦೦ ಸುತ್ತಿನಂತೆ ಒಂದು ಗಂಟೆ ಓಡಿದರೆ ಮೊಗ್ಗುಗಳು ೧,೮೦,೦೦೦ ಸಲ ಕೂಡಿ ಅಗಲಬೇಕು! ಮೊಗ್ಗಿನ ಮೈ ಸುಟ್ಟು ಕುಳಿ ಬೀಳುವುದರಲ್ಲಿ, ಅದನ್ನು ಎತ್ತುವ ಹಿಮ್ಮಡಿ ಸವೆದು ಅಂತರ ಕುಗ್ಗುವುದರಲ್ಲಿ ಆಶ್ಚರ್ಯವೇನು? ಅಂತರ ಕುಗ್ಗಿತೆಂದರೆ ಕಿಡಿ ತಡವಾಯಿತೆಂದೇ ಅರ್ಥ. ಹಿಂದಿನ ಸವಾರರು ಆಗಾಗ ಮುಚ್ಚಳ ತೆಗೆದು ಗೇಜು ತೂರಿಸಿ ನೋಡುತ್ತಿದ್ದುದು ಇದಕ್ಕಾಗಿಯೇ.

ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಉಜ್ಜುವ ಮೊಗ್ಗುಗಳಿಲ್ಲ. ಅಯಸ್ಕಾಂತವೊಂದು ಹಾದುಹೋದುದನ್ನು ಸಂವೇದಕವೊಂದು ಮುಟ್ಟದೆಯೇ ಅರಿತು ಕಿಡಿಗೆ ಅಪ್ಪಣೆ ಕೊಡುತ್ತದೆ. ಹಳೆಯ ಗಾಡಿಗಳಿಗೆಂದು ದೊರೆಯುವ ಕಿಟ್ಟುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ಡೈನಮೋ, ಬ್ಯಾಟರಿ ಎಲ್ಲವನ್ನೂ ಹಾಗೆಯೇ ಉಳಿಸಿ ಪಾಯಿಂಟುಗಳ ಜಾಗದಲ್ಲಿ ಮಾತ್ರ ಕೂರುವಂಥದು. ಇದು ಅಗ್ಗ, ಆದರೆ ಬ್ಯಾಟರಿಗೆ ಅಧೀನ. ಬ್ಯಾಟರಿ ಸೊರಗಿದರೆ ಇದೂ ಸೊರಗುತ್ತದೆ. ಮೇಲಾಗಿ ಬ್ಯಾಟರಿಯ ಧನ-ಋಣಗಳನ್ನು ಅದಲುಬದಲು ಮಾಡಿದರೆ ಒಂದೇ ಗಳಿಗೆಯಲ್ಲಿ ಸತ್ತುಹೋಗುತ್ತದೆ. ಹಳೆಯ ಗಾಡಿಗಳಲ್ಲಿ ಕೆಲವಕ್ಕೆ ಚೌಕಟ್ಟಿಗೆ ಸೇರುವುದು ಋಣ, ಕೆಲವಕ್ಕೆ ಧನ. ನಿಮ್ಮದು ಯಾವುದೆಂದು ಕಣ್ಣಾರೆ ಕಂಡು ಆಮೇಲೆ ಕೊಳ್ಳಬೇಕು.

ಎರಡನೆಯ ಜಾತಿ, ಡೈನಮೋವನ್ನೇ ತೆಗೆದು ಅಯಸ್ಕಾಂತದ ಚಕ್ರ, ಸುರುಳಿಗಳ ತಟ್ಟೆ, ಹೊಸ ಕಾಯಿಲು, ರೆಗ್ಯುಲೇಟರು ಎಲ್ಲವನ್ನೂ ಕೂರಿಸುವಂಥದು. ೬ ವೋಲ್ಟಿನ ಗಾಡಿ ೧೨ ವೋಲ್ಟಿನದಾಗುತ್ತದೆ. ಬಲ್ಬುಗಳನ್ನೂ ಹಾರನ್ನನ್ನೂ ಬದಲಾಯಿಸಲೇಬೇಕು. ಕಿಡಿಗೆ ಬ್ಯಾಟರಿಯ ಹಂಗು ಇರುವುದಿಲ್ಲ. ಜಾವಾದ ಮೊದಲಿನ ದೀಪದಲ್ಲಿ ರಾತ್ರಿ ಸವಾರಿ ಮಾಡಿದವರು ಈ ಜಾತಿಯನ್ನು ಮೆಚ್ಚುವುದು ಬೆಳಕಿಗಾಗಿಯೇ ಎಂದರೂ ತಪ್ಪಲ್ಲ.

ಎಂಜಿನ್ನಿನ ಬಲ ಹೆಚ್ಚುವುದೆ? ಚೆನ್ನಾಗಿ ಹೊಂದಿಸಿದ ಪಾಯಿಂಟುಗಳಿದ್ದ ಗಾಡಿಗೆ ಹೇಳಿಕೊಳ್ಳುವಷ್ಟೇನೂ ಹೆಚ್ಚದು. ಲಾಭವಿರುವುದು ಒಮ್ಮೆ ಹೊಂದಿಸಿದ್ದು ಜಾರದೆ ನಿಲ್ಲುವುದರಲ್ಲಿ. ನಷ್ಟವೂ ಉಂಟು. ಪಾಯಿಂಟು ಕೈಕೊಟ್ಟರೆ ರಸ್ತೆಯ ಬದಿಯಲ್ಲಿ ಮರಳು ಕಾಗದದ ಚೂರಿನಿಂದ ಉಜ್ಜಿ ಮನೆ ಸೇರಬಹುದು. ಮೊಹರು ಮಾಡಿದ ಪೆಟ್ಟಿಗೆ ಕೈಕೊಟ್ಟರೆ ತಳ್ಳಿಕೊಂಡು ಬರುವುದೊಂದೇ ದಾರಿ. ದೂರ ಪ್ರಯಾಣದ ಹುಮ್ಮಸ್ಸಿರುವ ಹುಡುಗರು ಇದನ್ನು ಮರೆಯಬಾರದು.

ತಂತಿ ಜೋಡಿಸುವಲ್ಲಿ ಹೊಸ ಬಣ್ಣವೇ ಮೊದಲನೆಯ ವೈರಿ. ಇದನ್ನು ಕೇಳಿ ನಗಬೇಡಿ. ವಿದ್ಯುತ್ತು ಹೊರಟಲ್ಲಿಗೆ ಹಿಂದಿರುಗಬೇಕು. ಹಿಂದಿರುಗುವ ದಾರಿ ಚೌಕಟ್ಟಿನ ಕಬ್ಬಿಣ. ಮುದ್ದಾಗಿ ಬಣ್ಣ ಹೊಡೆಸಿದ ಚೌಕಟ್ಟಿನಲ್ಲಿ ಆ ದಾರಿ ಮುಚ್ಚಿಹೋಗಿರುತ್ತದೆ. ಕಿಡಿ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಕಿಟ್ಟು ಕೆಟ್ಟದ್ದೆಂದು ಅಂಗಡಿಯವನ ಮೇಲೆ ಜಗಳ ನಡೆಯುತ್ತದೆ. ಬೋಲ್ಟಿನ ಕೆಳಗೆ ಲೋಹ ಕಾಣುವವರೆಗೆ ಬಣ್ಣ ಕೆರೆಯಬೇಕು. ಅದಕ್ಕಿಂತಲೂ ಮೇಲು, ಎಂಜಿನ್ನಿನಿಂದ ರೆಗ್ಯುಲೇಟರಿಗೂ ಬ್ಯಾಟರಿಗೂ ದಪ್ಪ ತಂತಿಯೊಂದನ್ನು ಪ್ರತ್ಯೇಕವಾಗಿ ಎಳೆದು ಅರ್ಥಿಂಗ್ ಕೊಡುವುದು. ತಂತಿಗಳನ್ನು ಹೆಣೆದು ಟೇಪು ಸುತ್ತುವ ಅಭ್ಯಾಸ ಇಲ್ಲಿ ಸಲ್ಲದು. ತುದಿಗಳನ್ನು ಇಕ್ಕಳದಿಂದ ಒತ್ತಿ ಕೂರಿಸಬೇಕು. ಸಂವೇದಕದ ಸಣ್ಣ ತಂತಿಯನ್ನು ಪ್ಲಗ್ಗಿನ ದಪ್ಪ ತಂತಿಯ ಜೊತೆಯಲ್ಲಿ ಕಟ್ಟಿದರೆ ಇದರ ಗದ್ದಲ ಅದಕ್ಕೆ ತಗಲಿ ಕಿಡಿ ಹೊತ್ತುಗೆಡುತ್ತದೆ. ರೆಸಿಸ್ಟರ್ ಇರುವ ಪ್ಲಗ್ ಕ್ಯಾಪನ್ನೇ ಹಾಕಿರೆಂದು ತಯಾರಕರು ಹೇಳುವುದೂ ಈ ಗದ್ದಲ ಅಡಗಿಸುವುದಕ್ಕೆ. ಬ್ಯಾಟರಿಯ ಹತ್ತಿರದಲ್ಲಿಯೇ ಫ್ಯೂಸು ಇರಲಿ.

ಇನ್ನು ಪ್ರಾಣಕ್ಕೆ ಸಂಬಂಧಪಟ್ಟದ್ದೊಂದಿದೆ. ಹಳೆಯ ಏರ್ಪಾಟಿನಲ್ಲಿ ಕೀಲಿ ತೆಗೆದರೆ ಬ್ಯಾಟರಿಯಿಂದ ಬರುವ ವಿದ್ಯುತ್ತು ಕಡಿದು ಎಂಜಿನ್ನು ನಿಲ್ಲುತ್ತಿತ್ತು. ಎರಡನೆಯ ಜಾತಿಯ ಕಿಟ್ಟಿನಲ್ಲಿ ಚಕ್ರ ತಿರುಗುವಷ್ಟು ಹೊತ್ತೂ ಅದರ ವಿದ್ಯುತ್ತು ಅದಕ್ಕೇ ಹುಟ್ಟುತ್ತಿರುತ್ತದೆ. ಕಡಿಯುವುದಕ್ಕೆ ಏನೂ ಇಲ್ಲ. ಚೌಕಟ್ಟಿಗೆ ಹರಿಯಬಿಟ್ಟು ನಿಲ್ಲಿಸಬೇಕು. ಅದಕ್ಕೆಂದೇ ಬೇರೆಯ ತಂತಿಯೊಂದು ಇರುತ್ತದೆ. ಕೀಲಿಯ ನ್ಯಾಯ ಇಲ್ಲಿ ತಿರುಗುಮುರುಗು: ತೆರೆದರೆ ಓಟ, ಕೂಡಿದರೆ ನಿಲುಗಡೆ. ಈ ತಂತಿ ತುಂಡಾದರೆ ಕೀಲಿ ತೆಗೆದರೂ ಎಂಜಿನ್ನು ನಿಲ್ಲದು. ಅದರ ಹೊದಿಕೆ ಸವೆದು ಚೌಕಟ್ಟಿಗೆ ತಗಲಿದರೆ ಲಾರಿಗಳ ನಡುವೆ ಓಡುತ್ತಿರುವಾಗಲೇ ನಿಂತುಬಿಟ್ಟೀತು. ಹಳೆಯ ಅಭ್ಯಾಸದಿಂದ ಅದಕ್ಕೆ ಬ್ಯಾಟರಿಯ ವಿದ್ಯುತ್ತು ಕೊಟ್ಟರಂತೂ ಪೆಟ್ಟಿಗೆ ಸುಡುತ್ತದೆ. ಆದುದರಿಂದ ಹೊಳೆಯುವ ದೀಪಕ್ಕಿಂತ ಮೊದಲು ಈ ಒಂದು ಎಳೆಯ ಮೇಲೆ ತಾಯಂದಿರೂ ಕಣ್ಣಿಡಬಹುದು.

ಯಜಮಾನರಿಗೆ ನಮ್ಮ ಸೂಚನೆ ಇಷ್ಟು. ಮಗ ಕಿಟ್ಟು ಹಾಕಲಿ, ಆದರೆ ಹಳೆಯ ತಂತಿಜಾಲದ ಒಂದೆಳೆಯನ್ನೂ ಕತ್ತರಿಸದಿರಲಿ. ಹೊಸದಕ್ಕೆ ಬೇರೆಯೇ ಜಾಲ ಹೆಣೆಯಲಿ. ತೆಗೆದ ಡೈನಮೋ, ಪಾಯಿಂಟು, ಕಂಡೆನ್ಸರು, ಕಾಯಿಲುಗಳಿಗೆ ಎಣ್ಣೆ ಸವರಿ, ಚೀಟಿ ಅಂಟಿಸಿ, ಡಬ್ಬಿಯಲ್ಲಿಟ್ಟು ತಂದೆಯ ಕೈಗೆ ಒಪ್ಪಿಸಲಿ. ಬೇಕೆಂದ ದಿನ ಎಲ್ಲವೂ ಮೊದಲಿನಂತಾಗುವ ಹಾಗಿದ್ದರೆ ಅಪಚಾರವೆಲ್ಲಿಯದು? ಇದರಲ್ಲಿ ಕಾನೂನಿನ ಹಿತವೂ ಇದೆ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸುವ ನಿಯಮಗಳನ್ನು ಕೇಂದ್ರ ಸರ್ಕಾರ ೨೦೨೧ರ ಜುಲೈನಲ್ಲಿ ಪ್ರಕಟಿಸಿತು. ಹಾಗೆ ನೋಂದಾಯಿಸುವ ಮನಸ್ಸಿದ್ದರೆ ಸ್ಪ್ಯಾನರು ಹಿಡಿಯುವುದಕ್ಕೆ ಮುಂಚೆ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಅಯಸ್ಕಾಂತದ ಚಕ್ರವನ್ನು ತೆಗೆಯಲು ಪುಲ್ಲರನ್ನೇ ಬಳಸಬೇಕು, ಸುತ್ತಿಗೆ ಸೋಕಿಸಬಾರದು. ಕಿಡಿ ನೋಡಲು ಪ್ಲಗ್ಗನ್ನು ಬಿಚ್ಚಿ ಹಿಡಿದಾಗ ಅದರ ಲೋಹದ ಮೈ ಎಂಜಿನ್ನಿಗೆ ತಗಲಿರಬೇಕು. ಇಲ್ಲದಿದ್ದರೆ ದಾರಿ ಕಾಣದ ವಿದ್ಯುತ್ತು ಪೆಟ್ಟಿಗೆಯನ್ನೇ ಒಳಗಿನಿಂದ ಸೀಳುತ್ತದೆ. ಪ್ಲಗ್ಗಿನ ತೂತಿನಿಂದ ಪೆಟ್ರೋಲಿನ ಆವಿ ಚಿಮ್ಮುವುದರಿಂದ ಕಿಡಿಯನ್ನು ಅಲ್ಲಿಂದ ದೂರದಲ್ಲಿ ನೋಡಬೇಕು. ಎಂಜಿನ್ನು ಹೊತ್ತಿದ ಮೇಲೆ ಟೈಮಿಂಗ್ ಲೈಟಿನಿಂದ ಗುರುತು ಸರಿಯಾಗಿದೆಯೆ ಎಂದು ನೋಡಿ. ಆಮೇಲೆ ಗಾಡಿಯನ್ನು ಸ್ಟ್ಯಾಂಡಿನ ಮೇಲೆಯೇ ನಿಧಾನವಾಗಿ ಓಡಗೊಟ್ಟು, ಹ್ಯಾಂಡಲನ್ನು ಎಡದ ಕೊನೆಗೂ ಬಲದ ಕೊನೆಗೂ ಪೂರ್ತಿ ತಿರುಗಿಸಿ ಸದ್ದು ಕೇಳಿ. ಸದ್ದು ಎಲ್ಲಿ ತಡವರಿಸಿತೋ ಅಲ್ಲಿ ತಂತಿ ಬಿಗಿಯಾಗಿ ಎಳೆಯುತ್ತಿದೆ. ಒಂದು ಗೇಣು ಸಡಿಲ ಬಿಟ್ಟು ಮತ್ತೆ ಕಟ್ಟಿರಿ.